ಮನೆಯೊಳಗಿನ ಕೋಟು

ಗ್ಲಾಸ್ಗೊ, ಜನವರಿ

ಪ್ರೀತಿಯ ತಂಗಿ,

ಕ್ಷೇಮವಾಗಿ ತಲುಪಿದೆ. ಇಲ್ಲಿ ಮೊಬೈಲಿಗೆ ಮಾಡಿಸುವಂತೆ ಕೋಣೆಯ ಹೀಟರಿಗೂ ರೀಚಾರ್ಜ್ ಮಾಡಿಸಬೇಕು. ದುಡ್ಡು ಮುಗಿದರೆ ಅದು ತಣ್ಣಗಾಗುತ್ತದೆ. ವಿಡಿಯೊ ಕಾಲಿನಲ್ಲಿ "ಮನೆಯೊಳಗೂ ಕೋಟು, ಏನ್ ಸ್ಟೈಲೇ ನಿಂದು!" ಎಂದು ನಾವೆಲ್ಲ ಸಹನಾಳನ್ನು ರೇಗಿಸುತ್ತಿದ್ದೆವಲ್ಲ, ಆ ಕೋಟಿನಲ್ಲೇ ನಿನ್ನ ಮಗಳು ಮಲಗುತ್ತಾಳೆ. ಕೈಬೆರಳು ಊದಿವೆ. ಕೇಳಿದರೆ, "ಅಮ್ಮಂಗೆ ಹೇಳ್ಬೇಡಿ ಮಾವ, ತಿಂಗಳ ಲೆಕ್ಕದಲ್ಲಿ ಇದು ಇರ್ಲಿಲ್ಲ" ಅಂದಳು.

ಅವಳಿಗೆ ಇಲ್ಲಿ ಓದಲು ಸೀಟು ಕೊಡಿಸಿದ ಇಂದಿರಾನಗರದ ಏಜೆಂಟ್, "ಬಾಡಿಗೆಯಲ್ಲೇ ಎಲ್ಲಾ ಸೇರಿದೆ ಸರ್" ಎಂದು ನಗುತ್ತಾ ಹೇಳಿದ್ದನ್ನು ನಾನು ಮರೆತಿಲ್ಲ. ಬಂದವನೇ ಅವನನ್ನು ವಿಚಾರಿಸಿಕೊಳ್ಳುತ್ತೇನೆ.

ನೀನು ಚಕ್ಕುಲಿ ಕಳಿಸುವುದು ಬಿಟ್ಟು, ಆ ಪಾರ್ಸಲಿನ ದುಡ್ಡನ್ನೇ ಹೀಟರಿಗೆ ಕಳಿಸು. ಸಾಕಾ ಎಂದು ಮಾತ್ರ ಕೇಳಬೇಡ, ಸಾಕು ಅಂತಾಳೆ. ಕೋಟು ತೆಗೆದು ಮಾತಾಡು ಅನ್ನು.

ನಿನ್ನ ಅಣ್ಣ