ಸುಣ್ಣದಹಾಳದ ಬಿಳಿ ಮುದ್ರೆ

ಸುಣ್ಣದಹಾಳ
೨೧೯೪ನೇ ಇಸವಿ, ಫೆಬ್ರವರಿ ಮೂವತ್ತು

ನಮಗಿಂತ ಮೊದಲು ಈ ನೆಲದ ಮೇಲೆ ಬಾಳಿದ ಹಿರಿಯರಿಗೆ,

ತಾರೀಖು ತಪ್ಪಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ನೀಲವ್ವ, ಈ ಊರಿನ ನೀರುಸಾಕ್ಷಿ. ತಿಂಗಳಿಗೊಮ್ಮೆ ಬೋರ್‌ವೆಲ್ ನೀರು ಪರೀಕ್ಷಿಸಿ ಊರಿಗೆ ಮುದ್ರೆ ಒತ್ತುವುದು ನನ್ನ ಕೆಲಸ. ಬಿಳಿ ಮುದ್ರೆ ಇದ್ದರೆ ಊರಿನ ಹಾಲು, ಕಾಯಿಪಲ್ಲೆ ಪೇಟೆಗೆ ಹೋಗುತ್ತವೆ. ಕರಿ ಮುದ್ರೆ ಬಿದ್ದರೆ ಹೊಲವನ್ನು ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡ. ಆ ಊರಿನವರನ್ನು ಕೂಲಿಗೂ ಕರೆಯುವುದಿಲ್ಲ. ನಾಳೆ ಹಾಸಿಗೆ ಹಿಡಿದರೆ ಆಸ್ಪತ್ರೆಯ ಖರ್ಚು ಯಾರದು ಎಂಬ ಹೆದರಿಕೆ.

ಹೋದ ವರ್ಷ ಶ್ರಾವಣದಲ್ಲಿ ನೀರಿನಲ್ಲಿ ವಿಷ ಕಂಡಿತು. ಮೊದಲು ಹಾಲಿನ ಸಂಘದ ಅಧ್ಯಕ್ಷ ಸಾಬಣ್ಣನಿಗೆ ಹೇಳಿದೆ. ಅವನು ಎದ್ದು ಬಾಗಿಲು ಹಾಕಿದ.

"ಯವ್ವಾ, ಒಂದ್ ಆರ್ ತಿಂಗಳ ತಡಿ. ಹಾಲ ನಿಂತ್ರ ನೂರಾ ಎಂಬತ್ತ ಮನಿ ಒಲಿ ಆರ್ತಾವ. ಅಷ್ಟರಾಗ ಬ್ಯಾರೆ ಕಡಿ ಬೋರ್ ಹಾಕ್ಸೋಣು."

ನಾನು ಬಿಳಿ ಮುದ್ರೆಯನ್ನೇ ಒತ್ತಿದೆ.

ಮಾತು ಹೊರಗೆ ಹೋದೀತೆಂದು ಸಾಬಣ್ಣ ಮನೆಯಲ್ಲೂ ಬಾಯಿ ಬಿಡಲಿಲ್ಲ. ಮಗಳು ಭಾಗಮ್ಮ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಹಗುರವಾದ ನೀರು ಬೇಕೆಂದು ನೆಪ ಹೇಳಿ, ದಿನವೂ ಗುಡ್ಡದ ಒರತೆಯಿಂದ ಎರಡು ಕ್ಯಾನು ಹೊತ್ತು ತರುತ್ತಿದ್ದ. ಅವನ ಮೊಣಕಾಲು ಬಾತುಕೊಂಡಿತು. ಅಪ್ಪ ಕುಂಟುವುದನ್ನು ನೋಡಲಾರದೆ ಭಾಗಮ್ಮ, ಪಕ್ಕದ ಮನೆಯವರು ಒರತೆಯಿಂದ ತಂದುಕೊಡುತ್ತಾರೆಂದು ಸುಳ್ಳು ಹೇಳಿ, ಕ್ಯಾನುಗಳನ್ನು ಬೋರ್‌ವೆಲ್ ನಲ್ಲಿಯಲ್ಲೇ ತುಂಬಿಸತೊಡಗಿದಳು. ಅವಳಿಗೆ ಎದೆಹಾಲು ಸಾಲುತ್ತಿರಲಿಲ್ಲ. ಆ ನೀರಿನಲ್ಲೇ ಪುಡಿಹಾಲು ಕಲಸಿ ಕುಡಿಸಿದಳು. ಇಪ್ಪತ್ತು ದಿನಕ್ಕೆ ಕೂಸು ನೀಲಿಗಟ್ಟಿ ಸತ್ತಿತು.

ನಾನು ಹೋದಾಗ ಕೂಸು ಇನ್ನೂ ಅವಳ ತೊಡೆಯ ಮೇಲಿತ್ತು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಅವಳು ಅಪ್ಪನ ಕಡೆ ತಿರುಗಿದಳು.

"ನೀರ ಕೆಟ್ಟದ ಅಂತ ಒಂದ್ ಮಾತ ಹೇಳಿದ್ರ ಆಗ್ತಿತ್ತಲ್ಲಪಾ."

ಅಷ್ಟರಲ್ಲಿ ಹಾಲಿನ ಗಾಡಿ ಹಾರ್ನ್ ಹೊಡೆಯಿತು. ಸಾಬಣ್ಣ ಗೋಡೆ ಹಿಡಿದು ಎದ್ದು, ಹಾಲು ಅಳೆಸಲು ಹೋದ.

ಅಂದೇ ಸಂಜೆ ನಾನು ಕರಿ ಮುದ್ರೆ ಒತ್ತಿದೆ. ಮರುದಿನ ಗಾಡಿ ಊರ ಗಡಿಯಿಂದಲೇ ತಿರುಗಿತು. ಜನ ಹಾಲನ್ನು ಚರಂಡಿಗೆ ಸುರಿದು, ನನ್ನ ಬಾಗಿಲಿಗೆ ಕಲ್ಲು ಹೊಡೆದರು. ಈಗ ಇಪ್ಪತ್ಮೂರು ಮನೆಗಳಲ್ಲಿ ಮಾತ್ರ ಜನರಿದ್ದಾರೆ. ಹೋದವರು ಕೆಲಸ ಸಿಗಲೆಂದು ಬೇರೆ ಊರಿನ ಹೆಸರು ಹೇಳುತ್ತಾರೆ. ಭಾಗಮ್ಮ ಎಲ್ಲಿದ್ದಾಳೋ, ಅಪ್ಪನಿಗೂ ತಿಳಿಸಿಲ್ಲ.

ಬಂಡೆಯ ಕೆಳಗಿನ ಈ ವಿಷ ನಿಮ್ಮ ಕಾಲದ್ದು. ಬತ್ತಿದ ಬೋರ್‌ವೆಲ್‌ಗಳಿಗೆ ಪೈಪು ಇಳಿಸಿ ಕಾರ್ಖಾನೆಯ ಕೊಳೆ ಸುರಿದರಂತೆ. ಅದನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ಇದ್ದೇ ಇದ್ದೀರಿ. ಈಗಲೇ ಹೋಗಿ ಹೇಳಿ. ಊರಿನ ಹೆಸರು ಕೆಟ್ಟರೆ ಕೆಡಲಿ. ನಿಮಗಾದರೆ ಊರು ಬಿಟ್ಟರೂ ಹೋಗಿ ಬಾಳಲು ಇನ್ನೂ ಒಳ್ಳೆಯ ನೀರಿನ ಊರುಗಳಿವೆ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ನೀಲವ್ವ