ಗೊರಬೆಯ ಅಡಿಯಲ್ಲಿ ಸಿಕ್ಕಿದ ದೇವಿ

ನನ್ನ ಗಂಟಲಿಗೆ ಮಾತು ಕೊಟ್ಟ ಗುರುಗಳಿಗೆ,

ಕಾಣಿಯೂರಿನಾಚೆಯ ನಮ್ಮ ಪುಟ್ಟ ಭಜನಾ ಮಂದಿರದಲ್ಲಿ ನೀವು ನನ್ನನ್ನು ಮೊದಲ ಸಲ ನವರಾತ್ರಿಯ ಸಭೆಯೆದುರು ನಿಲ್ಲಿಸಿದ್ದು ನೆನಪುಂಟೇ? ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಮೈಕು ಎಲ್ಲಿತ್ತು ಆಗ? ಯಕ್ಷಗಾನದಲ್ಲಿ ನನಗೆ ಮಹಿಷಾಸುರನ ವೇಷ ಕಟ್ಟಿಸಿದ್ದ ನೀವು, "ನಿನಗೆ ಮೈಕು ಎಂತಕ್ಕೆ ಮಾರಾಯ? ನಿನ್ನ ಮಹಿಷಾಸುರ ಬೊಬ್ಬೆ ಹಾಕಿದ್ರೆ ಆಚೆ ಊರು ಮಂಡೆಕೋಲಿನ ಹಟ್ಟಿಯಲ್ಲಿ ಕೋಣ ಎದ್ದು ನಿಲ್ತದೆ" ಎಂದಿರಿ. ಸಭೆ ನಕ್ಕಿತು. ನಾನು ಎದೆಯುಬ್ಬಿಸಿ, ನೀವು ಕಲಿಸಿದ ದೇವಿಯ ಕತೆ ಹೇಳಿದೆ.

ಆ ಕತೆಯ ಒಂದೊಂದು ಏರಿಳಿತವೂ ಈಗಲೂ ನಾಲಿಗೆಯಲ್ಲಿದೆ. ನಾಟಿಯ ಕಾಲ, ಧೋ ಎನ್ನುವ ಮಳೆ. ನಿಮ್ಮ ಅಜ್ಜ ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟು ದಣಿದು, ತಲೆಯ ಮೇಲಿನ ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆಯನ್ನು ಬದುವಿನ ಮೇಲಿಟ್ಟರು. ಮರಳಿ ಎತ್ತಹೋದರೆ... ಏಳಲಿಲ್ಲ. ಅಡಿಯಲ್ಲಿ ಕಲ್ಲಾಗಿ ಕುಳಿತಿದ್ದಳು ತಾಯಿ. ಇಲ್ಲಿ ನಾನು ಉಸಿರು ಹಿಡಿಯಬೇಕು, ತಾಳ ನಿಲ್ಲಬೇಕು. ಬಳಿಕ ದೇವಿಯನ್ನು ಕಂಡವರ ಮನೆಗೆ ಮೊದಲ ಪ್ರಸಾದ. ಅದನ್ನು ಪಡೆಯಲು ನೀವು ಏಳುತ್ತಿದ್ದಿರಿ. ಹಿಂದಿನ ಕಂಬದ ಬಳಿ ನನ್ನ ಅಮ್ಮ ತಲೆ ತಗ್ಗಿಸಿ ಕುಳಿತಿರುತ್ತಿದ್ದಳು. ಭಕ್ತಿ ಎಂದುಕೊಂಡಿದ್ದೆ.

ನಿಮ್ಮ ಉತ್ತರಕ್ರಿಯೆ ಮುಗಿಸಿ ಬಂದ ಸಂಜೆ, ಜಗಲಿಯಲ್ಲಿ ಕುಳಿತು ಅಳುತ್ತಾ ಅದೇ ಕತೆ ಹೇಳಿಕೊಳ್ಳುತ್ತಿದ್ದೆ. ಅಮ್ಮ ಒಳಗಿನಿಂದ ಕೇಳಿದಳು: "ನೇಜಿ ನೆಡುದು ಗಂಡಸರಾ ಮಗಾ?"

ನಾನು ಕಣ್ಣೊರಸಿಕೊಂಡೆ. ನಮ್ಮಲ್ಲಿ ನಾಟಿಗೆ ಇಳಿಯುವವರು ಹೆಂಗಸರೇ.

"ದೇವಿ ಸಿಕ್ಕಿದ್ದು ನನ್ನ ಅಮ್ಮನಿಗೆ. ನಿನ್ನ ಗುರುಗಳ ಮನೆಯವರ ಗದ್ದೆಯಲ್ಲಿ ನಡು ಬಗ್ಗಿಸಿದವಳು ಅವಳು. ಮಳೆಗೆ ಬೆನ್ನ ಮೇಲೆ ಹಾಕುವ ಎಲೆಯ ಗೊರಬೆ ಉಂಟಲ್ಲ, ಏಳದೇ ಹೋದದ್ದು ಅದು. ಮುಟ್ಟಾಳೆ ಎಲ್ಲಿಂದ ಬಂತು?"

"ಗುರುಗಳಿಗೆ ಗೊತ್ತಿರ್ಲಿಲ್ಲವೋ ಏನೋ."

"ಗೊತ್ತಿಲ್ವಾ? ಮಂದಿರ ಕಟ್ಟುವಾಗ ಕತೆ ಕೇಳ್ಳಿಕ್ಕೆ ಇದೇ ಜಗಲಿಗೆ ಬಂದಿದ್ರು. ಅಮ್ಮ ಹೇಳಿದ್ಲು. ಬೆಲ್ಲ ನೀರು ಕೊಟ್ಟದ್ದು ನಾನು."

"ಮತ್ತೆ ಇಷ್ಟು ವರ್ಷ ನೀನು ಯಾಕೆ..."

"ನಿನಗೆ ವೇಷ ಕಟ್ಟಿಸಿದವರು ಅವರು. ಹೇಳಿದ್ರೆ ನಿನ್ನ ಆಟ ಅಲ್ಲಿಗೇ ಮುಗೀತಿತ್ತು. ನಿನ್ನ ಸ್ವರ ಕೇಳ್ಳಿಕ್ಕೆ ನನಗೂ ಆಸೆ ಇಲ್ವಾ?"

ಆಟ ಮುಗಿದ ಮೇಲೆ ಬಣ್ಣದ ಚೌಕಿಯಲ್ಲಿ ಕುಳಿತು ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ತೆಗೆಯಲು ನನಗೆ ಕಲಿಸಿದವರೂ ನೀವೇ. ರಂಗದ ಮೇಲಿನ ಮೋಸಗಳೆಲ್ಲ ಆ ಎಣ್ಣೆಯೊಡನೆ ಇಳಿದುಹೋಗುತ್ತಿದ್ದವು. ನಿಮ್ಮದನ್ನು ಯಾವ ಎಣ್ಣೆ ಹಚ್ಚಿ ತೆಗೆಯಲಿ? ಊರಿನಲ್ಲಿ ಬೇರೆ ಬಾಯಿ ಸಿಗಲಿಲ್ಲವೇ? ನನ್ನ ಅಜ್ಜಿಯನ್ನು ಅಳಿಸಲು ನನ್ನದೇ ಗಂಟಲು ಬೇಕಾಯಿತೇ? ಅದಕ್ಕಾಗಿಯೇ ಕಲಿಸಿದಿರೋ, ನಿಜಕ್ಕೂ ನನ್ನ ಮೇಲೆ ಪ್ರೀತಿಯಿತ್ತೋ... ಕೇಳೋಣವೆಂದರೆ ನೀವಿಲ್ಲ.

ಈ ನವರಾತ್ರಿಯ ಸುದ್ದಿ ನಿಮಗೆ ತಲುಪಿರಲಾರದು. ನಾನು ಗೊರಬೆ ಎಂದೇ ಹೇಳಿದೆ, ಅಜ್ಜಿಯ ಹೆಸರನ್ನೂ ಹೇಳಿದೆ. ನಿಮ್ಮ ಮಗ ಎದ್ದು ನಿಂತು, "ಕತೆ ತಪ್ಪಿತಲ್ಲ ಮಾರಾಯ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹೆಂಗಸರ ಸಾಲಿನಿಂದ ಒಬ್ಬಳು, "ನಿಮ್ಮ ಮನೆಯ ಗಂಡಸರು ನೇಜಿ ನೆಟ್ಟದ್ದು ಯಾವಾಗ ಧನಿ?" ಎಂದಳು. ಸಾಲಿಗೆ ಸಾಲೇ ನಕ್ಕಿತು. ಅವರು ಕುಳಿತರು. ಪ್ರಸಾದದ ಮೊದಲ ಎಲೆ ಹಿಂದಿನ ಕಂಬದವರೆಗೆ ನಡೆದುಹೋಯಿತು. ಅಮ್ಮ ತಲೆ ಎತ್ತಿ ತೆಗೆದುಕೊಂಡಳು.

ಮುಂದಿನ ವರ್ಷವೂ ನಾನೇ ಹೇಳುತ್ತೇನೆ. ಗುರುವಂದನೆಯಲ್ಲಿ ನಿಮ್ಮ ಹೆಸರು ಬಿಡುವುದಿಲ್ಲ, ಕಲಿಸಿದ್ದು ನೀವೇ. ಆದರೆ ಕತೆಯ ಗದ್ದೆಗೆ ಇಳಿಯುವವಳು ನನ್ನ ಅಜ್ಜಿ.

ನಿಮ್ಮ
ಮಹಿಷಾಸುರ