ಹತ್ತು ಪ್ರಶ್ನೆಗಳ ಅರ್ಜಿ

ಆಸ್ಪತ್ರೆ, ಎರಡನೇ ಮಹಡಿ
೧೪ನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಇಲ್ಲವೆಂದು ಗೊತ್ತು, ಆದರೂ ಕೇಳುತ್ತೇನೆ. ಆಸ್ಪತ್ರೆ ಎಂದು ಓದಿ ಗಾಬರಿಯಾಗಬೇಡ. ನಿಮ್ಮಪ್ಪನ ಹರ್ನಿಯಾ ಆಪರೇಷನ್ ಶನಿವಾರ ಆಗಬೇಕಿತ್ತು, ಆಗಲಿಲ್ಲ. ಆಗದಿದ್ದದ್ದೇ ಒಳ್ಳೆಯದಾಯಿತು.

ಶುಕ್ರವಾರ ನರ್ಸ್ ಒಂದು ಹಾಳೆ ತಂದುಕೊಟ್ಟಳು. ಆಪರೇಷನ್‌ಗೆ ಮುಂಚೆ ಎಲ್ಲರಿಗೂ ಕೊಡುತ್ತಾರಂತೆ. ಕುಡಿತದ ಬಗ್ಗೆ ಹತ್ತು ಪ್ರಶ್ನೆ: ಎಷ್ಟು ದಿನಕ್ಕೊಮ್ಮೆ, ಒಂದು ಸಲಕ್ಕೆ ಎಷ್ಟು, ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ. ಇದರಲ್ಲೂ ಸುಳ್ಳೇ ಬರೆಯುತ್ತಾರೆ ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಇಷ್ಟು ವರ್ಷ ಕುಡಿದವರು, ಡಾಕ್ಟರು ಬಾಯಿಬಿಟ್ಟು ಕೇಳಿದಾಗಲೂ "ಯಾವಾಗ್ಲೋ ಒಂದ್ಸಲ" ಎಂದಿದ್ದರು. ಪಕ್ಕದಲ್ಲಿ ಕೂತು ನಾನೂ ತಲೆಯಾಡಿಸಿದ್ದೆ.

ಆದರೆ ನಿಮ್ಮಪ್ಪ ಮೂವತ್ತೊಂದು ವರ್ಷ ಲೈಸೆನ್ಸ್ ಕಚೇರಿಯಲ್ಲಿ ಜನರ ಅರ್ಜಿಗಳಲ್ಲಿ ತಪ್ಪು ಹುಡುಕಿದವರಲ್ಲವೇ! ಕನ್ನಡಕ ಏರಿಸಿ, ನರ್ಸಿನ ಪೆನ್ನು ಬೇಡವೆಂದು ತಮ್ಮದನ್ನೇ ತೆಗೆದು, ಮುಕ್ಕಾಲು ಗಂಟೆ ಬರೆದರು. ಕೈ ನಡುಗುತ್ತಿತ್ತು, ಅಕ್ಷರ ಗೆರೆ ದಾಟಲಿಲ್ಲ. ಸಹಿಗೆ ಜಾಗವಿರಲಿಲ್ಲ, ತಾವೇ ಗೆರೆ ಎಳೆದು ಸಹಿ ಹಾಕಿದರು. ನಾನು ಇಣುಕಿದರೆ ಎಲ್ಲವೂ ನಿಜ! "ಏನೇ ಹಾಗೆ ನೋಡ್ತೀಯ? ಬಾಯಲ್ಲಿ ಏನು ಬೇಕಾದ್ರೂ ಹೇಳ್ಬೋದು. ಅರ್ಜೀಲಿ ಸುಳ್ಳು ಬರೆಯೋಕಾಗುತ್ತಾ?" ಎಂದು ನನ್ನನ್ನೇ ಗದರಿದರು. ಇಷ್ಟು ವರ್ಷ ಕಣ್ಣೀರಿಟ್ಟು ಕೇಳುವ ಬದಲು ಒಂದು ಅರ್ಜಿ ಕೊಟ್ಟಿದ್ದರೆ ಸಾಕಿತ್ತು ನೋಡು.

ಡಾಕ್ಟರು ಉತ್ತರಗಳ ಅಂಕ ಕೂಡಿಸಿ ಗಂಭೀರವಾದರು. "ಸುಳ್ಳು ಬರೆದಿದ್ರೆ ನಾಳೆನೇ ಆಪರೇಷನ್ ಮಾಡ್ತಿದ್ವಿ. ಕುಡಿತ ಒಮ್ಮೆಲೇ ನಿಂತು ಫಿಟ್ಸ್ ಬಂದಿದ್ರೆ ಜೀವಕ್ಕೇ ಅಪಾಯ ಆಗ್ತಿತ್ತಮ್ಮ. ಮೊದಲು ಇದನ್ನ ವಾಸಿ ಮಾಡೋಣ" ಎಂದರು. ನನಗೆ ಹೋದ ಜೀವ ಬಂದಂತಾಯಿತು. ಕುಡಿತ ನಿಂತು ಇವತ್ತಿಗೆ ನಾಲ್ಕು ದಿನ. ಬೆವರು, ರೇಗಾಟ ಇಳಿದಿವೆ. ಈಗ ಮಗುವಿನಂತೆ ನಿದ್ದೆ ಹೋಗಿದ್ದಾರೆ. ಅಪ್ಪ ತಪ್ಪು ಒಪ್ಪಿಕೊಳ್ಳುವವರೆಗೆ ಹೊಸ್ತಿಲು ತುಳಿಯುವುದಿಲ್ಲ ಎಂದು ನೀನು ಹೋಗಿ ಆರು ವರ್ಷವಾಯಿತು. ಬಾ ಎಂದು ಒತ್ತಾಯಿಸುವುದಿಲ್ಲ.

ಎಲ್ಲಿದ್ದರೂ ತಣ್ಣಗಿರು, ಮಗಳೇ.

ನಿನ್ನ
ಅಮ್ಮ

ತಾ.ಕ.: ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟೆ. ಒಂಬತ್ತನೇ ಪ್ರಶ್ನೆ: ನಿಮ್ಮ ಕುಡಿತದಿಂದ ಯಾರಿಗಾದರೂ ಪೆಟ್ಟಾಗಿದೆಯೇ? 'ಹೌದು' ಎಂದು ಗುರುತು ಹಾಕಿ, ಯಾರೂ ಕೇಳದಿದ್ದರೂ ಪಕ್ಕದಲ್ಲಿ ಬರೆದಿದ್ದಾರೆ: "ಮಗಳಿಗೆ. ಎಡಗೈ ಮುರಿಯಿತು. ಮೆಟ್ಟಿಲಿನಿಂದ ಜಾರಿದ್ದಲ್ಲ, ನಾನು ತಳ್ಳಿದ್ದು." ಜಾರಿದಳು ಎಂದು ಊರಿಗೆಲ್ಲ ಹೇಳಿದವಳು, ನಿನ್ನ ಬಾಯಲ್ಲೂ ಹಾಗೇ ಹೇಳಿಸಿದವಳು ನಾನು. ಅವರು ಬರೆದದ್ದು ನಿಜ, ಪುಟ್ಟಿ. ನಾನು ನೋಡಿದ್ದೆ.